ಕೋಗಿಲೆಯ ದನಿಯಲ್ಲಿ ಶೋಕವೇಕೆ? ಆಂಗ್ಲೋ-ಸ್ಯಾಕ್ಸನ್ನರ ಋತುಗಳು, ಕಾವ್ಯ ಮತ್ತು ನಂಬಿಕೆ

ಪ್ರಶ್ನೆ: ನಮ್ಮ ಸ್ನಾತಕೋತ್ತರ ತರಗತಿಗೆ ‘ದಿ ಸೀಫೇರರ್’ ಎಂಬ ಹಳೆಯ ಇಂಗ್ಲಿಷ್ ಕವಿತೆ ಪಠ್ಯವಾಗಿದೆ. ಅದರಲ್ಲಿ ಮರಗಳು ಹೂಬಿಟ್ಟು ಬಯಲೆಲ್ಲ ಚೆಲುವಾದ ಹೊತ್ತಿನಲ್ಲೂ ಕೋಗಿಲೆ ಶೋಕದ ದನಿಯಲ್ಲಿ ಕೂಗುತ್ತದೆ. ವಸಂತವೆಂದರೆ ಸಂಭ್ರಮ, ಕೋಗಿಲೆಯೆಂದರೆ ಇಂಪು ಎಂದು ಪಂಪನ ಕಾಲದಿಂದಲೂ ಕೇಳಿಕೊಂಡು ಬಂದವರಿಗೆ ಇದು ಒಗಟಾಗಿ ಕಾಣುತ್ತದೆ. ಆಂಗ್ಲೋ-ಸ್ಯಾಕ್ಸನ್ನರು ಋತುಗಳನ್ನು ಹೇಗೆ ಅನುಭವಿಸಿದರು? ಕ್ರೈಸ್ತ ಧರ್ಮ ಬಂದ ಮೇಲೆ ಅದು ಬದಲಾಯಿತೇ?

ಉತ್ತರ: ಕೋಗಿಲೆಯ ಶೋಕ ಅರ್ಥವಾಗಬೇಕಾದರೆ ಮೊದಲು ಅವರ ಚಳಿಗಾಲವನ್ನು ಅರ್ಥ ಮಾಡಿಕೊಳ್ಳಬೇಕು. ಐದನೆಯ ಶತಮಾನದಿಂದ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಬ್ರಿಟನ್ನಿಗೆ ಬಂದು ನೆಲೆಸಿ, 1066ರಲ್ಲಿ ನಾರ್ಮನ್ನರು ಗೆಲ್ಲುವವರೆಗೂ ಅಲ್ಲಿ ಆಳಿದ ಈ ಜನ ವಯಸ್ಸನ್ನು ಎಣಿಸುತ್ತಿದ್ದುದೇ ಚಳಿಗಾಲಗಳಲ್ಲಿ. ‘ಬಿಯೋವುಲ್ಫ್’ ಕಾವ್ಯದಲ್ಲಿ ಗ್ರೆಂಡೆಲ್ ಎಂಬ ರಾಕ್ಷಸ ಡೇನರ ಅರಮನೆಯನ್ನು ಕಾಡಿದ್ದು ಹನ್ನೆರಡು ಚಳಿಗಾಲ. ‘ದಿ ವಾಂಡರರ್’ ಕವಿತೆಯ ಪ್ರಕಾರ ಈ ಲೋಕದಲ್ಲಿ ತನ್ನ ಪಾಲಿನ ಚಳಿಗಾಲಗಳನ್ನು ಕಳೆಯದೆ ಯಾವ ಮನುಷ್ಯನೂ ಜ್ಞಾನಿಯಾಗಲಾರ. ಬದುಕಿ ಉಳಿದದ್ದಕ್ಕೆ ಲೆಕ್ಕವೆಂದರೆ ದಾಟಿ ಬಂದ ಚಳಿಗಾಲಗಳೇ.

ಜ್ಯಾರೋ ಮಠದ ಸಂನ್ಯಾಸಿ ಬೀಡ್ 725ರಲ್ಲಿ ಕಾಲಗಣನೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. ತನ್ನ ಪೂರ್ವಿಕರು ವರ್ಷವನ್ನು ಎರಡೇ ಭಾಗ ಮಾಡುತ್ತಿದ್ದರೆಂದು ಅದರಲ್ಲಿ ಹೇಳುತ್ತಾನೆ. ಹಗಲು ದೊಡ್ಡದಾಗಿರುವ ಆರು ತಿಂಗಳು ಬೇಸಿಗೆ, ಇರುಳು ದೊಡ್ಡದಾಗಿರುವ ಆರು ತಿಂಗಳು ಚಳಿಗಾಲ. ಅಕ್ಟೋಬರಿನ ಹುಣ್ಣಿಮೆಯೊಂದಿಗೆ ಚಳಿಗಾಲ ಶುರು. ನಾಲ್ಕು ಋತುಗಳ ಲೆಕ್ಕ ಅವರಿಗೆ ಮುಖ್ಯವಾಗಿ ರೋಮನ್ ವಿದ್ಯೆಯ ಜೊತೆಗೆ ಬಂದದ್ದು. ಕಾವ್ಯದೊಳಗೆ ಮಾತ್ರ ಹಳೆಯ ಎರಡರ ಲೆಕ್ಕವೂ ಕೊನೆಯವರೆಗೆ ಉಸಿರಾಡುತ್ತದೆ.

ಈ ಕವಿಗಳು ಚಳಿಗಾಲವನ್ನು ವರ್ಣಿಸುವಾಗ ಒಂದೇ ರೂಪಕಕ್ಕೆ ಮತ್ತೆ ಮತ್ತೆ ಮರಳುತ್ತಾರೆ. ಆ ರೂಪಕ ಬೇಡಿ. ಚಳಿ ಕೊರೆಯುತ್ತದೆ, ಕಚ್ಚುತ್ತದೆ ಎನ್ನುವುದಕ್ಕಿಂತ ಹೆಚ್ಚಾಗಿ ಅದು ಕಟ್ಟಿಹಾಕುತ್ತದೆ. ನಿಮ್ಮ ಕವಿತೆಯ ನಾವಿಕ ತನ್ನ ಪಾದಗಳು ಹಿಮದಲ್ಲಿ ಬಂಧಿಯಾಗಿ ತಣ್ಣನೆಯ ಸಂಕೋಲೆಯೊಳಗೆ ಸಿಕ್ಕಿಕೊಂಡಿದ್ದವು ಎನ್ನುತ್ತಾನೆ. ಹತ್ತನೆಯ ಶತಮಾನದ ಕೊನೆಯ ಭಾಗದ ‘ಮೆನೊಲೊಜಿಯಂ’ ಎಂಬ ಪಂಚಾಂಗ ಕವಿತೆಯಲ್ಲಿ ನವೆಂಬರ್ 7ರಂದು ಚಳಿಗಾಲ ಹಿಮದ ಸೈನ್ಯ ಕಟ್ಟಿಕೊಂಡು ದಂಡೆತ್ತಿ ಬರುತ್ತದೆ. ಬಿಸಿಲಿನಿಂದ ಹೊಳೆಯುತ್ತಿದ್ದ ಸುಗ್ಗಿಕಾಲವನ್ನು ಸೆರೆಹಿಡಿದು ಬೇಡಿ ತೊಡಿಸುತ್ತದೆ. ಇನ್ನು ಮುಂದೆ ಹಸಿರು ಬಯಲು ನಮ್ಮೊಂದಿಗೆ ಇರಲಾರದು, ಹಾಗೆಂದು ದೇವರ ಅಪ್ಪಣೆಯಾಗಿದೆ ಎಂದು ಕವಿ ಹೇಳುತ್ತಾನೆ. ಇದನ್ನು ಬರಿಯ ಅಲಂಕಾರವೆಂದು ನಾನು ಓದುವುದಿಲ್ಲ. ನದಿ ಹೆಪ್ಪುಗಟ್ಟಿದರೆ ದೋಣಿ ನಡೆಯದು, ನೆಲ ಗಟ್ಟಿಯಾದರೆ ನೇಗಿಲು ಇಳಿಯದು, ಸಮುದ್ರ ಕೆರಳಿದರೆ ಊರಿಂದ ಊರಿಗೆ ಸುದ್ದಿ ಹೋಗದು. ಎಲ್ಲರೂ ಇದ್ದಲ್ಲೇ ಸಿಕ್ಕಿಬೀಳುವ ಕಾಲ ಅದು.

‘ಬಿಯೋವುಲ್ಫ್’ನೊಳಗೆ ಬರುವ, ಹೆಂಗೆಸ್ಟ್ ಎಂಬ ಯೋಧನ ಉಪಕಥೆಯನ್ನು ಈ ದೃಷ್ಟಿಯಿಂದ ಓದಿ ನೋಡಿ. ಇಡೀ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಋತುವಿನ ಬಗ್ಗೆ ಇದಕ್ಕಿಂತ ಆಳವಾದ ಭಾಗ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಫ್ರೀಸಿಯನ್ ರಾಜ ಫಿನ್ನನ ಕೋಟೆಯಲ್ಲಿ ಜಗಳ ನಡೆದು ಹೆಂಗೆಸ್ಟನ ಒಡೆಯ ಸತ್ತಿದ್ದಾನೆ. ಎರಡೂ ಕಡೆಯವರು ದಣಿದು ಒಪ್ಪಂದಕ್ಕೆ ಬಂದಿದ್ದಾರೆ. ಒಡೆಯನನ್ನು ಕೊಂದವರ ಜೊತೆಯಲ್ಲೇ, ಅವರ ಸೂರಿನಡಿಯಲ್ಲೇ ಹೆಂಗೆಸ್ಟ್ ಚಳಿಗಾಲ ಕಳೆಯಬೇಕಾಗಿದೆ. ಊರು ನೆನಪಾಗುತ್ತದೆ, ಆದರೆ ಹಡಗು ಹೊರಡಿಸುವಂತಿಲ್ಲ. ಕಡಲು ಗಾಳಿಯೊಡನೆ ಹೋರಾಡುತ್ತಿದೆ, ಚಳಿಗಾಲ ಅಲೆಗಳನ್ನು ಮಂಜುಗಡ್ಡೆಯ ಬಂಧನದಲ್ಲಿಟ್ಟು ಬೀಗ ಜಡಿದಿದೆ. ಆಮೇಲೆ ಇನ್ನೊಂದು ವರ್ಷ ಮನೆಯಂಗಳಕ್ಕೆ ಬರುತ್ತದೆ. ಈಗಲೂ ಹಾಗೆಯೇ ಬರುತ್ತದಲ್ಲ ಎಂದು ಕವಿ ನಮ್ಮ ಕಡೆ ತಿರುಗಿ ಒಂದು ಮಾತು ಸೇರಿಸುತ್ತಾನೆ. ನೆಲದ ಮಡಿಲು ಚೆಲುವಾಯಿತು, ಪರದೇಶಿಗೆ ಹೊರಡುವ ತವಕ ಹುಟ್ಟಿತು. ಆದರೆ ಅವನ ಮನಸ್ಸು ಕಡಲ ಪಯಣಕ್ಕಿಂತ ಸೇಡಿನ ಕಡೆಗೇ ಹೆಚ್ಚು ಹರಿಯಿತು. ಹಿಮದೊಂದಿಗೆ ಹಗೆತನವೂ ಹೆಪ್ಪುಗಟ್ಟಿ ಕುಳಿತಿತ್ತು, ಹಿಮ ಕರಗಿದಾಗ ಅದೂ ಕರಗಿ ಹರಿಯಿತು. ಫಿನ್ನನ ಕೊಲೆಯಾಗುತ್ತದೆ. ವಸಂತ ಇಲ್ಲಿ ನೆಮ್ಮದಿಯನ್ನು ತರಲಿಲ್ಲ, ಬಿಡುಗಡೆಯನ್ನು ತಂದಿತು. ಬಿಡುಗಡೆ ಎಲ್ಲಿಗೆ ಒಯ್ಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಬೇಡಿ ಎಂದ ಮೇಲೆ ಅದನ್ನು ಬಿಚ್ಚುವವರು ಬೇಕು. ನಂಬಿಕೆ ಕಾವ್ಯದೊಳಗೆ ಪ್ರವೇಶಿಸುವುದು ಈ ಬಾಗಿಲಿನಿಂದ. ಕಾವ್ಯದ ನಾಯಕ ಬಿಯೋವುಲ್ಫ್ ನೀರಿನಡಿಯ ಗವಿಯಲ್ಲಿ ಗ್ರೆಂಡೆಲ್‌ನ ತಾಯಿಯನ್ನು ಕೊಂದಾಗ ರಾಕ್ಷಸರ ಬಿಸಿ ರಕ್ತಕ್ಕೆ ಕತ್ತಿಯ ಅಲಗು ಕರಗತೊಡಗುತ್ತದೆ. ಆಗ ಕವಿ ಕೊಡುವ ಹೋಲಿಕೆ ಅನಿರೀಕ್ಷಿತವಾದದ್ದು: ತಂದೆಯಾದ ದೇವರು ಹಿಮದ ಕಟ್ಟು ಸಡಿಲಿಸಿ, ನೀರನ್ನು ಬಿಗಿದ ಹಗ್ಗಗಳನ್ನು ಬಿಚ್ಚುವಾಗ ಮಂಜುಗಡ್ಡೆ ಕರಗುವಂತೆ ಕತ್ತಿ ಕರಗಿತು. ಕಾಲಗಳ ಮೇಲೆ, ಋತುಗಳ ಮೇಲೆ ಅಧಿಕಾರವುಳ್ಳವನು ಅವನೇ ಎಂದೂ ಸೇರಿಸುತ್ತಾನೆ. ಕತ್ತಲು ತುಂಬಿದ ಆ ಗವಿಯ ನಡುವೆ ಒಂದು ವಸಂತ ಮಿಂಚಿ ಹೋಗುತ್ತದೆ. ಹಳೆಯ ಇಂಗ್ಲಿಷ್ ಕವಿತೆಗಳ ಸಂಗ್ರಹವಾದ ಎಕ್ಸೆಟರ್ ಹಸ್ತಪ್ರತಿಯ ಸೂಕ್ತಿ ಕವಿತೆಯೊಂದು ಇದನ್ನೇ ನೇರವಾಗಿ ಹೇಳುತ್ತದೆ: ಹಿಮ ಹೆಪ್ಪುಗಟ್ಟಬೇಕು, ಬೆಂಕಿ ಮರವನ್ನು ನುಂಗಬೇಕು, ನೆಲ ಚಿಗುರಬೇಕು, ಮಂಜುಗಡ್ಡೆ ನೀರಿಗೆ ಸೇತುವೆಯಾಗಬೇಕು. ಹಿಮದ ಸಂಕೋಲೆಯನ್ನು ಬಿಚ್ಚಬಲ್ಲವನು ಒಬ್ಬನೇ, ಸರ್ವಶಕ್ತನಾದ ದೇವರು.

ಈ ಜನ ಹೊಸ ಧರ್ಮಕ್ಕೆ ಒಲಿದ ಕಥೆಯಲ್ಲೂ ಚಳಿಗಾಲವೇ ನಡುವೆ ನಿಂತಿದೆ. 627ರಲ್ಲಿ ನಾರ್ಥಂಬ್ರಿಯದ ರಾಜ ಎಡ್ವಿನ್ ಬ್ಯಾಪ್ಟಿಸಂ ಪಡೆಯುವ ಮುಂಚೆ ತನ್ನ ಪ್ರಮುಖರ ಸಭೆ ಕರೆದ. ಅವರಲ್ಲೊಬ್ಬ ಆಡಿದ ಮಾತನ್ನು ಬೀಡ್ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ, ಆತನ ಹೆಸರನ್ನು ಕೊಟ್ಟಿಲ್ಲ. ರಾಜಾ, ಚಳಿಗಾಲದಲ್ಲಿ ನೀವು ನಿಮ್ಮವರೊಡನೆ ಊಟಕ್ಕೆ ಕುಳಿತಿದ್ದೀರಿ, ನಡುವೆ ಬೆಂಕಿ ಉರಿಯುತ್ತಿದೆ, ಹೊರಗೆ ಮಳೆ ಹಿಮಗಳ ಆರ್ಭಟ. ಒಂದು ಗುಬ್ಬಚ್ಚಿ ಒಂದು ಬಾಗಿಲಿಂದ ಒಳಬಂದು ಇನ್ನೊಂದು ಬಾಗಿಲಿಂದ ಹೊರಟುಹೋಗುತ್ತದೆ. ಒಳಗಿರುವ ಆ ಕ್ಷಣ ಚಳಿ ಅದನ್ನು ಮುಟ್ಟದು. ಆಮೇಲೆ ಚಳಿಯಿಂದ ಬಂದದ್ದು ಚಳಿಗೇ ಮರಳುತ್ತದೆ. ಮನುಷ್ಯನ ಬಾಳೂ ಹೀಗೆಯೇ. ಮುಂದೇನು, ಹಿಂದೇನಿತ್ತು ನಮಗೆ ಗೊತ್ತಿಲ್ಲ. ಈ ಹೊಸ ಬೋಧೆ ಅದನ್ನು ಇನ್ನಷ್ಟು ಖಚಿತವಾಗಿ ತಿಳಿಸುವುದಾದರೆ ಅನುಸರಿಸೋಣ. ಇದು ಆತನ ವಾದ. ಪಾಪ, ಪುಣ್ಯ, ನರಕ ಯಾವುದರ ಮಾತನ್ನೂ ಅವನು ಎತ್ತುವುದಿಲ್ಲ. ಹೊರಗಿನ ಆ ಕೊನೆಯಿಲ್ಲದ ಚಳಿಯ ಬಗ್ಗೆ ಯಾರಾದರೂ ಏನಾದರೂ ಹೇಳಬಲ್ಲರೇ ಎಂಬುದೊಂದೇ ಅವನ ಪ್ರಶ್ನೆ.

ಧರ್ಮ ಬದಲಾದಾಗ ಋತುಚಕ್ರ ಏನಾಯಿತು ಎಂದು ಕೇಳಿದ್ದೀರಿ. ಹಳೆಯ ತಿಂಗಳುಗಳ ಪಟ್ಟಿಯೂ ಬೀಡನಿಂದಲೇ ಸಿಗುತ್ತದೆ. ಮೇ ತಿಂಗಳಿಗೆ ‘ಥ್ರಿಮಿಲ್ಚಿ’ ಎಂದು ಹೆಸರು, ಏಕೆಂದರೆ ಆಗ ಹಸುಗಳ ಹಾಲನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದರು. ನವೆಂಬರ್ ‘ಬ್ಲೋಡ್‌ಮೋನತ್’, ರಕ್ತದ ತಿಂಗಳು. ಕಡಿಯಬೇಕಾದ ಜಾನುವಾರುಗಳನ್ನು ದೇವತೆಗಳಿಗೆ ಅರ್ಪಿಸುತ್ತಿದ್ದ ಕಾಲ. ಡಿಸೆಂಬರ್ 25ರ ಇರುಳು ‘ತಾಯಂದಿರ ರಾತ್ರಿ’. ಏಪ್ರಿಲ್ ಮಾತ್ರ ಇಂದಿಗೂ ವಾದಕ್ಕೆ ಎಡೆ ಮಾಡುತ್ತದೆ. ಎಯೋಸ್ಟ್ರೆ ಎಂಬ ದೇವತೆಯ ಹಬ್ಬ ಆ ತಿಂಗಳಲ್ಲಿ ನಡೆಯುತ್ತಿತ್ತು, ಈಸ್ಟರ್ ಹೆಸರು ಅಲ್ಲಿಂದ ಬಂತು ಎಂದು ಬೀಡ್ ಬರೆದಿದ್ದಾನೆ. ಆ ಒಂದೆರಡು ವಾಕ್ಯ ಬಿಟ್ಟರೆ ಆ ಕಾಲದ ಇಂಗ್ಲೆಂಡಿನ ಬೇರಾವ ಬರಹದಲ್ಲೂ ಆಕೆಯ ಸುದ್ದಿ ಇಲ್ಲ. ಮೊಲ, ಮೊಟ್ಟೆಗಳ ಜೊತೆ ಸೇರಿಸಿ ಇಂದು ಹೇಳುವ ಕಥೆಗಳನ್ನು ಬೀಡನ ತಲೆಗೆ ಕಟ್ಟಬೇಡಿ.

ಈ ಪದರಗಳು ಒಂದರ ಮೇಲೊಂದು ಕುಳಿತದ್ದರ ಹಿಂದೆ ಒಂದು ಯೋಜನೆಯೂ ಇತ್ತು. 601ರಲ್ಲಿ ಪೋಪ್ ಗ್ರೆಗರಿ, ಇಂಗ್ಲೆಂಡಿಗೆ ಹೊರಟಿದ್ದ ಧರ್ಮಪ್ರಚಾರಕ ಮೆಲ್ಲಿಟಸ್‌ಗೆ ಬರೆದ ಪತ್ರದಲ್ಲಿ ವಿಗ್ರಹಗಳನ್ನು ತೆಗೆಯಿರಿ, ಗುಡಿಗಳನ್ನು ಕೆಡವಬೇಡಿ, ಅವನ್ನೇ ಚರ್ಚುಗಳನ್ನಾಗಿ ಮಾಡಿಕೊಳ್ಳಿ ಎಂದು ಸೂಚಿಸಿದ. ದನ ಬಲಿ ಕೊಡುತ್ತಿದ್ದ ಜನ ಸಂತರ ಹಬ್ಬದಂದು ಚರ್ಚಿನ ಸುತ್ತ ಕೊಂಬೆಗಳ ಚಪ್ಪರ ಹಾಕಿಕೊಂಡು, ಅದೇ ದನಗಳನ್ನು ಕಡಿದು, ದೇವರಿಗೆ ಕೃತಜ್ಞತೆ ಹೇಳಿ ಉಣ್ಣಲಿ ಎಂದ. ಇದನ್ನು ನೋಡಿ, ಚರ್ಚಿನ ವರ್ಷವೆಲ್ಲ ಹಳೆಯ ಹಬ್ಬಗಳ ಮೇಲೆ ಬಳಿದ ಸುಣ್ಣ ಎಂದು ಕೆಲವರು ತೀರ್ಮಾನಿಸುತ್ತಾರೆ. ನಾನು ಒಪ್ಪುವುದಿಲ್ಲ. ಕ್ರೈಸ್ತ ಪಂಚಾಂಗ ಮೆಡಿಟರೇನಿಯನ್ ಕಡೆಯಿಂದ ತನ್ನದೇ ಸೂರ್ಯ ಚಂದ್ರರ ಲೆಕ್ಕದೊಂದಿಗೆ ಬಂದಿತ್ತು. ಉತ್ತರದ ಆಕಾಶದಡಿ ಆ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಅರ್ಥ ಬಂತು ಅಷ್ಟೆ, ಏಕೆಂದರೆ ಅಲ್ಲಿ ಹಗಲು ಕುಗ್ಗುವುದೂ ಹಿಗ್ಗುವುದೂ ಕಣ್ಣಿಗೆ ರಾಚುವಷ್ಟು.

ಈಸ್ಟರನ್ನು ಯಾವ ದಿನ ಆಚರಿಸಬೇಕು ಎಂಬ ವಿವಾದವನ್ನೇ ತೆಗೆದುಕೊಳ್ಳಿ. ನಾರ್ಥಂಬ್ರಿಯದ ರಾಜ ಓಸ್ವಿ ಐರಿಷ್ ಸಂಪ್ರದಾಯದವನು, ರಾಣಿ ಇಯಾನ್‌ಫ್ಲೆಡ್ ರೋಮನ್ ಸಂಪ್ರದಾಯದವಳು. ಕೆಲವು ವರ್ಷ ರಾಜ ಉಪವಾಸ ಮುಗಿಸಿ ಹಬ್ಬದೂಟ ಮಾಡುತ್ತಿದ್ದರೆ ರಾಣಿ ಇನ್ನೂ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸದಲ್ಲಿರುತ್ತಿದ್ದಳು. 664ರಲ್ಲಿ ವಿಟ್‌ಬಿಯ ಸಭೆ ಸೇರಿ ರೋಮನ್ ಲೆಕ್ಕಕ್ಕೆ ಜಯವಾಯಿತು. ದಿನಾಂಕಕ್ಕಾಗಿ ಇಷ್ಟು ಹಟವೇಕೆ ಎಂದು ಇಂದು ನಮಗೆ ಅನ್ನಿಸಬಹುದು. ಬೀಡನ ವಾದ ಓದಿದರೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಹಗಲಿರುಳು ಸಮನಾಗುವ ವಿಷುವ ಕಳೆದ ಮೇಲೆಯೇ ಹಗಲು ಇರುಳನ್ನು ಮೀರುತ್ತದೆ. ಅದರ ನಂತರದ ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡಿ ಇರುಳಿಡೀ ಬೆಳಕಿರುತ್ತದೆ. ಕತ್ತಲೆಯನ್ನು ಬೆಳಕು ಗೆದ್ದ ಮೇಲಷ್ಟೇ ಪುನರುತ್ಥಾನದ ಹಬ್ಬ ಬರಬೇಕು. ಅದಕ್ಕೂ ಮುಂಚೆ ಆಚರಿಸಿದರೆ ಆಕಾಶ ಹೇಳುತ್ತಿರುವುದಕ್ಕೂ ಚರ್ಚ್ ಹೇಳುತ್ತಿರುವುದಕ್ಕೂ ತಾಳೆಯಾಗದು. ಕ್ರಿಸ್ತ ಹುಟ್ಟಿದ್ದು ಹಗಲು ಬೆಳೆಯತೊಡಗುವಾಗ, ಸ್ನಾನಿಕ ಯೋಹಾನ ಹುಟ್ಟಿದ್ದು ಜೂನ್ 24ರಂದು, ಹಗಲು ಕುಗ್ಗತೊಡಗುವಾಗ. ‘ಅವನು ಹೆಚ್ಚಬೇಕು, ನಾನು ಕುಗ್ಗಬೇಕು’ ಎಂದು ಕ್ರಿಸ್ತನ ಕುರಿತು ಯೋಹಾನ ಆಡಿದ ಮಾತನ್ನು ಆಕಾಶವೇ ಪ್ರತಿ ವರ್ಷ ಮತ್ತೆ ಆಡಿ ತೋರಿಸುತ್ತದೆ ಎಂದು ಅವರು ನಂಬಿದ್ದರು. ಕ್ರಿಸ್‌ಮಸ್ಸನ್ನು ಆಂಗ್ಲೋ-ಸ್ಯಾಕ್ಸನ್ ವಾರ್ಷಿಕ ವೃತ್ತಾಂತ ಸಾಮಾನ್ಯವಾಗಿ ‘ನಡುಚಳಿಗಾಲ’ ಎಂದೇ ಕರೆಯುತ್ತದೆ. 1066ರಲ್ಲಿ ನಾರ್ಮನ್ನರ ವಿಲಿಯಂ ಪಟ್ಟವೇರಿದ್ದು ನಡುಚಳಿಗಾಲದ ದಿನ ಎಂದೇ ಅದರಲ್ಲಿದೆ.

ಈಗ ನಿಮ್ಮ ಹಕ್ಕಿಗೆ ಬರೋಣ. ಅದು ನಮ್ಮ ಮಾವಿನ ಮರದ ಕೋಗಿಲೆಯಲ್ಲ, ಅದೇ ಕುಟುಂಬದ ಬೇರೆ ಹಕ್ಕಿ. ಎರಡೇ ಸ್ವರದಲ್ಲಿ ಕೂಗುವ ಅದು ಆಫ್ರಿಕಾದಿಂದ ಏಪ್ರಿಲ್ ಹೊತ್ತಿಗೆ ಇಂಗ್ಲೆಂಡಿಗೆ ಬಂದು ಬೇಸಿಗೆ ಮುಗಿಯುವ ಮುಂಚೆಯೇ ಹೊರಟುಹೋಗುತ್ತದೆ. ಕವಿತೆ ಅದನ್ನು ‘ಬೇಸಿಗೆಯ ಕಾವಲುಗಾರ’ ಎಂದು ಕರೆಯುತ್ತದೆ. ತೋಪುಗಳು ಹೂ ತಳೆಯುತ್ತವೆ, ಬಯಲು ಚೆಲುವಾಗುತ್ತದೆ, ಲೋಕ ಚುರುಕಾಗುತ್ತದೆ. ಇದೆಲ್ಲವೂ ಹೊರಡಲು ಹಾತೊರೆಯುವವನನ್ನು ಹೊರಡು ಎಂದು ನೂಕುತ್ತದೆ. ಕಡಲ ದಾರಿ ತೆರೆದಿದೆ, ಕೂಗು ಕೇಳಿದವನು ಮನೆಯಲ್ಲಿ ಉಳಿಯುವಂತಿಲ್ಲ. ಅವನ ಬೆನ್ನಿಗೆ ಹಿಂದಿನ ಚಳಿಗಾಲದ ನೆನಪಿದೆ: ಔತಣದ ನಗೆಯ ಜಾಗದಲ್ಲಿ ಕಡಲ ಹಕ್ಕಿಗಳ ಕಿರುಚಾಟ, ಧಾನ್ಯಗಳಲ್ಲೇ ಅತಿ ತಣ್ಣನೆಯದೆಂದು ಅವನು ಕರೆಯುವ ಆಲಿಕಲ್ಲು. ಹಾಗಾಗಿ ಹಕ್ಕಿಯ ದನಿ ಎದೆಯ ಬೊಕ್ಕಸಕ್ಕೆ ಕಹಿಯಾದ ದುಃಖವನ್ನು ಸಾರುತ್ತದೆ. ‘ದಿ ಹಸ್‌ಬಂಡ್ಸ್ ಮೆಸೇಜ್’ ಕವಿತೆಯಲ್ಲೂ ಇದೇ ಹಕ್ಕಿ ಇದೇ ಕೆಲಸ ಮಾಡುತ್ತದೆ. ತೋಪಿನಲ್ಲಿ ಅದು ಶೋಕದಿಂದ ಕೂಗಿದ್ದು ಕೇಳಿದೊಡನೆ ಹಡಗು ಹತ್ತಿ ಬಾ, ಯಾರೂ ನಿನ್ನನ್ನು ತಡೆಯದಿರಲಿ ಎಂದು ದೂರದ ಗಂಡ ಹೆಂಡತಿಗೆ ಹೇಳಿಕಳುಹಿಸುತ್ತಾನೆ. ಪಕ್ಕದ ವೇಲ್ಸ್‌ನ ಹಳೆಯ ಕವಿತೆಗಳಲ್ಲೂ ಈ ಹಕ್ಕಿಗೆ ಶೋಕದ ನಂಟಿದೆ.

ಆದರೆ ಎಲ್ಲ ಕಡೆಯೂ ಹೀಗಿಲ್ಲ. ಕ್ರೋಲ್ಯಾಂಡಿನ ಜೌಗು ನೆಲದಲ್ಲಿ ಒಂಟಿಯಾಗಿ ತಪಸ್ಸು ಮಾಡಿ 714ರಲ್ಲಿ ತೀರಿಕೊಂಡ ಸಂತ ಗುತ್‌ಲಾಕನ ಬಗ್ಗೆ ಎಕ್ಸೆಟರ್ ಹಸ್ತಪ್ರತಿಯಲ್ಲೇ ಕವಿತೆಗಳಿವೆ. ದೆವ್ವಗಳ ಕಾಟವನ್ನೆಲ್ಲ ಗೆದ್ದು ಅವನು ತನ್ನ ಗುಡ್ಡಕ್ಕೆ ಮರಳಿದಾಗ ಹೊಸ ವಸತಿ ಶಾಂತವಾಗಿದೆ, ಹಕ್ಕಿಗಳ ದನಿ ಇಂಪಾಗಿದೆ, ನೆಲ ಹೂಬಿಟ್ಟಿದೆ, ಕೋಗಿಲೆಗಳು ಹೊಸ ವರ್ಷವನ್ನು ಸಾರುತ್ತಿವೆ. ಶೋಕದ ಸುಳಿವೇ ಇಲ್ಲ. ಗುತ್‌ಲಾಕ್ ಸೇರಬೇಕಾದ ಜಾಗ ಸೇರಿಯಾಗಿದೆ, ನಾವಿಕನ ಪಯಣ ಇನ್ನೂ ಮುಂದಿದೆ. ವ್ಯತ್ಯಾಸ ಇಷ್ಟೇ. ‘ದಿ ಸೀಫೇರರ್’ನ ಎರಡನೆಯ ಅರ್ಧ ಉಪದೇಶದಂತಿದೆ, ಯಾರೋ ಸಂನ್ಯಾಸಿ ಆಮೇಲೆ ಹೊಲಿದು ಸೇರಿಸಿದ್ದು ಎಂದು ಹಿಂದಿನ ಕೆಲವು ವಿದ್ವಾಂಸರು ವಾದಿಸಿದ್ದರು. ನಿಮ್ಮ ಪಠ್ಯದಲ್ಲಿ ಕೋಗಿಲೆ ಬಂದು ಹತ್ತು ಸಾಲು ಮುಂದೆ ಹೋಗಿ, 64ನೆಯ ಸಾಲಿನ ಸುತ್ತ ನೋಡಿ. ನೆಲದ ಮೇಲಿನ ಈ ಸತ್ತ, ಎರವಲು ಬಾಳಿಗಿಂತ ಪ್ರಭುವಿನ ಆನಂದಗಳು ನನಗೆ ಹೆಚ್ಚು ಬಿಸಿ ಎನ್ನುತ್ತಾನೆ ನಾವಿಕ. ಹೆಚ್ಚು ಸಿಹಿ ಎನ್ನುವುದಿಲ್ಲ, ಹೆಚ್ಚು ಪವಿತ್ರ ಎನ್ನುವುದಿಲ್ಲ. ಪಾದಕ್ಕೆ ಹಿಮದ ಬೇಡಿ ಬಿದ್ದವನು ಮಾತ್ರ ಆರಿಸಬಲ್ಲ ಮಾತು ಅದು. ಎರಡು ಅರ್ಧಗಳನ್ನು ಕೂಡಿಸುವ ಕೀಲು ಇಲ್ಲೇ ಇರುವಾಗ ಹೊಲಿಗೆಯ ವಾದವನ್ನು ನಾನು ನಂಬಲಾರೆ.

ಇಷ್ಟೂ ಓದುವರ್ಗದವರು ಮತ್ತು ಯೋಧರ ಔತಣಶಾಲೆಯವರು ಕಂಡ ಋತುಗಳು. ಹೊಲದ ಕಡೆ ಹೋದರೆ ಬೇರೆ ದನಿಗಳು ಕೇಳಿಸುತ್ತವೆ. ಹೊಲಕ್ಕೆ ಫಲ ಬರದಿದ್ದರೆ ಮಾಡುವ ಒಂದು ವಿಧಿ ಹನ್ನೊಂದನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದಿದೆ. ಬೆಳಗು ಹರಿಯುವ ಮುಂಚೆ ಹೊಲದ ನಾಲ್ಕು ಮೂಲೆಗಳಿಂದ ಹುಲ್ಲು ಸಮೇತ ನಾಲ್ಕು ಹೆಂಟೆ ಕೀಳಬೇಕು. ಎಣ್ಣೆ, ಜೇನು, ಹುದುಗು, ಆ ಹೊಲದ ಮೇಲಿನ ಪ್ರತಿಯೊಂದು ಪಶುವಿನ ಹಾಲು ಸೇರಿಸಿ, ಪವಿತ್ರ ಜಲದೊಂದಿಗೆ ಅವುಗಳ ಬೇರಿಗೆ ಹನಿಸಬೇಕು. ಹೆಂಟೆಗಳನ್ನು ಚರ್ಚಿಗೆ ಒಯ್ದು ಹಸಿರು ಮುಖ ಬಲಿಪೀಠದ ಕಡೆಗಿರುವಂತೆ ಇಟ್ಟು, ಪಾದ್ರಿ ನಾಲ್ಕು ಬಲಿಪೂಜೆ (ಚರ್ಚಿನ ಮಾಸ್) ಹಾಡಿದ ಮೇಲೆ ಸೂರ್ಯ ಮುಳುಗುವ ಮುಂಚೆ ಹೊಲಕ್ಕೆ ಮರಳಿಸಬೇಕು. ಭಿಕ್ಷುಕರಿಂದ ಬಿತ್ತನೆ ಬೀಜ ತೆಗೆದುಕೊಂಡು ಅವರಿಗೆ ಅದರ ಎರಡರಷ್ಟು ಕೊಡಬೇಕು. ನೇಗಿಲಿನ ಮರ ಕೊರೆದು ಧೂಪ, ಸೋಂಪು, ಮಂತ್ರಿಸಿದ ಉಪ್ಪು ತುಂಬಬೇಕು. ಮೊದಲ ಸಾಲು ಹೊಡೆಯುವಾಗ ‘ಮನುಷ್ಯರ ತಾಯಿಯಾದ ನೆಲವೇ, ನಿನಗೆ ಶುಭವಾಗಲಿ, ದೇವರ ಅಪ್ಪುಗೆಯಲ್ಲಿ ಬೆಳೆ’ ಎಂದು ಹಾಡಿ, ಎಲ್ಲ ಬಗೆಯ ಹಿಟ್ಟಿನಿಂದ ಮಾಡಿದ ರೊಟ್ಟಿಯನ್ನು ಆ ಸಾಲಿನಡಿ ಇಡಬೇಕು. ಇದರಲ್ಲಿ ಎಷ್ಟು ಹಳೆಯದು, ಎಷ್ಟು ಕ್ರೈಸ್ತ ಎಂದು ಬಿಡಿಸಲು ಹೊರಟರೆ ವಿಧಿಯೇ ಕೈಜಾರುತ್ತದೆ. ಮಾಡಿದವನಿಗೆ ಅದು ಒಂದೇ ಪ್ರಾರ್ಥನೆ. ಆಗಸ್ಟ್ 1ರ ‘ರೊಟ್ಟಿಯ ಬಲಿಪೂಜೆ’ಯ ದಿನ ಹೊಸ ಗೋಧಿಯ ರೊಟ್ಟಿಯನ್ನು ಪವಿತ್ರೀಕರಿಸಿ, ಅದರ ನಾಲ್ಕು ತುಂಡುಗಳನ್ನು ಕಣಜದ ನಾಲ್ಕು ಮೂಲೆಯಲ್ಲಿ ಪುಡಿಮಾಡಿ ಉದುರಿಸುವ ಸೂಚನೆಯೊಂದೂ ಉಳಿದುಬಂದಿದೆ.

ಕೊನೆಯದಾಗಿ ಉಳುವವನ ಮಾತು. ಸುಮಾರು 1000ದ ಹೊತ್ತಿಗೆ ಆಲ್‌ಫ್ರಿಕ್ ಎಂಬ ಮಠಾಧಿಪತಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಒಂದು ಸಂಭಾಷಣೆ ಬರೆದ. ಅದರಲ್ಲಿ ಉಳುವವನು ಹೇಳುತ್ತಾನೆ: ಸ್ವಾಮಿ, ಬಹಳ ದುಡಿಯುತ್ತೇನೆ. ಎಂಥ ಕಡು ಚಳಿಯಿದ್ದರೂ ಒಡೆಯನ ಭಯಕ್ಕೆ ಮನೆಯಲ್ಲಿ ಅಡಗಿಕೊಳ್ಳುವ ಧೈರ್ಯ ನನಗಿಲ್ಲ. ದಿನಕ್ಕೆ ಒಂದು ಎಕರೆ ಉಳಲೇಬೇಕು. ಮುಳ್ಳುಗೋಲು ಹಿಡಿದು ಎತ್ತು ಹೊಡೆಯುವ ಹುಡುಗ ಚಳಿಗೂ ಕೂಗಿಗೂ ದನಿ ಬಿದ್ದುಹೋಗಿದ್ದಾನೆ. ಇಷ್ಟು ಕಷ್ಟವೇಕೆಂದರೆ, ನಾನು ಸ್ವತಂತ್ರನಲ್ಲ. ಎಲ್ಲ ಕವಿಗಳ ಹಿಮದ ಬೇಡಿಗಿಂತ ಈ ಒಂದು ವಾಕ್ಯ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಇವನ ಬೇಡಿ ವಸಂತಕ್ಕೆ ಕರಗುವಂಥದ್ದಲ್ಲ. ರಾಜ ಆಲ್‌ಫ್ರೆಡನ ಕಾನೂನು ಹಬ್ಬದ ರಜೆಗಳನ್ನು ಪಟ್ಟಿ ಮಾಡುತ್ತದೆ: ಕ್ರಿಸ್‌ಮಸ್ಸಿಗೆ ಹನ್ನೆರಡು ದಿನ, ಈಸ್ಟರಿನ ಹಿಂದೆ ಏಳು ದಿನ, ಮುಂದೆ ಏಳು ದಿನ, ಆಗಸ್ಟಿನ ಮರಿಯಮ್ಮನವರ ಹಬ್ಬಕ್ಕೆ ಮುಂಚೆ ಪೂರ್ತಿ ಒಂದು ವಾರ, ಹೀಗೆ. ಇದೆಲ್ಲ ಸ್ವತಂತ್ರ ಜನರಿಗೆ, ಜೀತದವರಿಗಲ್ಲ ಎಂದು ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಜೀತದವರಿಗೆ ಕೊಟ್ಟದ್ದು ವರ್ಷದ ನಾಲ್ಕು ಉಪವಾಸ ವಾರಗಳ ನಾಲ್ಕು ಬುಧವಾರ. ದೇವರ ಹೆಸರಿನಲ್ಲಿ ಯಾರಾದರೂ ಕೊಟ್ಟದ್ದನ್ನೋ ಬಿಡುವಿನಲ್ಲಿ ತಾವೇ ಗಳಿಸಿದ್ದನ್ನೋ ಆ ದಿನಗಳಂದು ಅವರು ತಮಗೆ ಬೇಕಾದವರಿಗೆ ಮಾರಿಕೊಳ್ಳಬಹುದಿತ್ತು.